ಬಾಗಲಕೋಟೆಯಲ್ಲಿ ಬೇರೆ ಬೇರೆ ಕಂಪನಿಯ ನಾಲ್ಕು ಇವಿ ಚಾರ್ಜರ್ ಇವೆ, ಎಲ್ಲವನ್ನೂ ಸಂಭಾಳಿಸಲು ಯಾವ ಗೇಟ್‌ವೇ ಸಾಫ್ಟ್‌ವೇರ್ ಒಳ್ಳೆಯದು?

ನಾಲ್ಕು ಚಾರ್ಜರಿಗೆ ಗೇಟ್‌ವೇ ಬೇಕೇ ಬೇಕು ಅಂತ ಯಾರು ಹೇಳಿದರು ನಿಮಗೆ? ನನಗೂ ಹೀಗೇ ಹೇಳಿದ್ದರು. ಸೊಲ್ಲಾಪುರ ರಸ್ತೆಯಲ್ಲಿ, ವಿಜಯಪುರದ ಹತ್ತಿರ ನಮ್ಮ ಖಾನಾವಳಿ ಇದೆ. ಅಲ್ಲಿ ಚಾರ್ಜರ್ ಹಾಕಿಸಿ, ಅವಕ್ಕೂ ಬಿಲ್ ಮಾಡುವ ಸರ್ವರ್ ಕಂಪ್ಯೂಟರಿಗೂ ನಡುವೆ ಸಂದೇಶ ದಾಟಿಸುವ ಒಂದು ಗೇಟ್‌ವೇ ಕೂರಿಸಿದೆ. ಎಲ್ಲವೂ ಒಸಿಪಿಪಿ 1.6 (ಚಾರ್ಜರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ, ಅದರ 1.6ನೇ ಆವೃತ್ತಿ), ಹೊಂದಿಕೊಳ್ಳುತ್ತವೆ ಅಂದರು. ಹೊಂದಿಕೊಂಡವು ಕೂಡ.

ಆದರೆ ಹೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ ಹೆಚ್ಚು, ಗಿರಾಕಿಗಳಿಗೆ ಹಾಕಿದ್ದು ಕಡಿಮೆ. ಎಸಿ ಕರೆಂಟ್ ಡಿಸಿ ಆಗುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಅದೇ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ನನ್ನ ದುಡ್ಡು ತಿಂದದ್ದು ಆ ಸುಮ್ಮನಿದ್ದದ್ದೇ. ಆ ನಷ್ಟ ದಿನಾಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರಬೇಕು. ನನ್ನ ಲೆಕ್ಕದಲ್ಲಿ ನೆಟ್ ಹೋದ ದಿನ ಮಾತ್ರ ವ್ಯತ್ಯಾಸ ಉಬ್ಬುತ್ತಿತ್ತು. ನಾನು ನೋಡುತ್ತಿದ್ದದ್ದು ತಿಂಗಳ ಮೊತ್ತ. ದಿನದ ಲೆಕ್ಕ ತೆಗೆದಿದ್ದರೆ ಮೊದಲ ತಿಂಗಳೇ ಕಣ್ಣಿಗೆ ಬೀಳುತ್ತಿತ್ತು.

ಆಗಿದ್ದು ಇಷ್ಟು. 1.6ರಲ್ಲಿ ಪ್ರತಿ ಚಾರ್ಜಿಂಗಿಗೂ ವಹಿವಾಟಿನ ನಂಬರ್ ಕೊಡುವುದು ಸರ್ವರ್, ಚಾರ್ಜರ್ ಅಲ್ಲ. ನೆಟ್ ಇಲ್ಲದಾಗ ನಮ್ಮ ಗೇಟ್‌ವೇ ತಾನೇ ಒಂದು ನಂಬರ್ ಕೊಟ್ಟು ಗಾಡಿ ಚಾರ್ಜ್ ಮಾಡಿಸುತ್ತಿತ್ತು. ನೆಟ್ ಬಂದ ಮೇಲೆ ಸರ್ವರ್ ಅದೇ ವಹಿವಾಟಿಗೆ ಬೇರೆ ನಂಬರ್ ಕೊಡುತ್ತಿತ್ತು. ಎರಡನ್ನೂ ಜೋಡಿಸುವ ಪಟ್ಟಿ ಗೇಟ್‌ವೇಯಲ್ಲಿ ಇರಲೇ ಇಲ್ಲ! ‘ಚಾರ್ಜಿಂಗ್ ಮುಗಿಯಿತು’ ಎಂಬ ಸಂದೇಶ ಗೇಟ್‌ವೇ ಕೊಟ್ಟ ನಂಬರ್ ಹೊತ್ತು ಹೋಗುತ್ತಿತ್ತು, ಸರ್ವರಿಗೆ ಗುರುತು ಸಿಗುತ್ತಿರಲಿಲ್ಲ, ಬಿಲ್ ಆಗುತ್ತಿರಲಿಲ್ಲ. ಗಿರಾಕಿ ಪಾಪ ಯಾವಾಗಲೋ ಹೋಗಿರುತ್ತಿದ್ದ. (ಒಸಿಪಿಪಿಯ ನಂತರದ ಆವೃತ್ತಿ 2.0.1ರಲ್ಲಿ ನಂಬರನ್ನು ಚಾರ್ಜರೇ ಹುಟ್ಟಿಸುತ್ತದೆ, ಅಲ್ಲಿ ಈ ಗೋಳಿಲ್ಲ.)

ಹಾಗಾಗಿ ಸಾಫ್ಟ್‌ವೇರ್ ಹೆಸರು ಹೇಳುವುದಿಲ್ಲ ನಾನು. ನಿಮ್ಮ ನಾಲ್ಕೂ ಒಂದೇ ಸರ್ವರಿಗೆ ಹೋಗುವುದಾದರೆ ಪ್ರತಿ ಚಾರ್ಜರಿನಲ್ಲಿ ಅದರ ವಿಳಾಸ ಹಾಕಿಸಿ ನೇರವಾಗಿ ಜೋಡಿಸಿರಿ. ಒಂದೇ ಚಾರ್ಜರ್ ಎರಡು ಸರ್ವರಿಗೆ ಮಾತಾಡಬೇಕು, ಇಲ್ಲವೇ ಹೆಸ್ಕಾಂನಿಂದ ಮಂಜೂರಾದ ಲೋಡನ್ನು ಚಾರ್ಜರುಗಳ ನಡುವೆ ಜಾಗದಲ್ಲೇ ಹಂಚಬೇಕು ಅಂದರೆ ಮಾತ್ರ ಗೇಟ್‌ವೇ ತಗೊಳ್ರಿ. ತಗೊಳ್ಳುವ ಮೊದಲು ಗಾಡಿ ಹಚ್ಚಿ, ನೆಟ್ ತೆಗೆದು, ಇನ್ನೊಂದು ಗಾಡಿಗೂ ಆ ಹೊತ್ತಿನಲ್ಲೇ ಚಾರ್ಜ್ ಶುರುಮಾಡಿ, ಎರಡನ್ನೂ ನಿಲ್ಲಿಸಿ, ನೆಟ್ ಕೊಟ್ಟು ನೋಡ್ರಿ. ಎರಡೂ ಬಿಲ್ ಚಾರ್ಜರಿನ ಮೀಟರಿಗೆ ತಾಳೆಯಾದ ಮೇಲೆ ಅಡ್ವಾನ್ಸ್ ಕೊಡ್ರಿ. ಚಾರ್ಜರಿನ ಸರ್ವರ್ ವಿಳಾಸ ಬದಲಿಸುವ ಪಾಸ್‌ವರ್ಡ್ ಮಾರಿದವರಿಂದ ಇವತ್ತೇ ಕೇಳಿ ಬರೆಸಿಕೊಳ್ರಿ.