ಒಂದೇ ಮನೆ, ಎರಡು ಚೀಟಿ: ಈಸ್ಟ್ರೋಜನ್ ಬಗ್ಗೆ ನೀವು ಕೇಳಿದ್ದು

ಪ್ರಶ್ನೆ: ನನಗೆ 43 ವರ್ಷ, ಗದಗಿನಲ್ಲಿ ಶಾಲಾ ಶಿಕ್ಷಕಿ. ಹೋದ ವರ್ಷ ಗಡ್ಡೆ ಇದೆ ಅಂತ ಗರ್ಭಚೀಲ ತೆಗೆದರು. ಆವಾಗಿನಿಂದ ಪಾಠ ಮಾಡುತ್ತಾ ನಿಂತಾಗಲೇ ಮುಖಕ್ಕೆ ಝಳ ಏರುತ್ತದೆ, ಕುಪ್ಪಸ ತೊಯ್ದು ಹೋಗುತ್ತದೆ. ಡಾಕ್ಟರು ಕೈಗೆ ಹಚ್ಚುವ ಎಸ್ಟ್ರಾಡಿಯಾಲ್ ಜೆಲ್ ಬರೆದಿದ್ದಾರೆ. ಆಪರೇಷನ್ ಆಗದ ನಮ್ಮ ಅಕ್ಕನಿಗೆ ಅದೇ ಜೆಲ್ ಜೊತೆ ರಾತ್ರಿ ಪ್ರೊಜೆಸ್ಟರಾನ್ ಗುಳಿಗೆಯೂ ಇದೆ. ನನಗೆ ಬರೆಯೋದು ಮರೆತರಾ? ಈ ಹಾರ್ಮೋನ್ ಚಿಕಿತ್ಸೆಗೆ ಒಬ್ಬರು ಎಚ್‌ಆರ್‌ಟಿ ಅಂತಾರೆ, ಇನ್ನೊಬ್ಬರು ಎಂಎಚ್‌ಟಿ ಅಂತಾರೆ. ಅತ್ತೆಯವರಂತೂ "ಅದನ್ನ ಹಚ್ಚಿಕೊಂಡ್ರ ಕ್ಯಾನ್ಸರ್ ಬರ್ತದ" ಅಂತ ಟ್ಯೂಬನ್ನೇ ಎತ್ತಿಟ್ಟಿದ್ದಾರೆ.

ಉತ್ತರ: ಅಕ್ಕೋರೆ, ಯಾರೂ ಮರೆತಿಲ್ಲ. ನಿಮ್ಮ ಅಕ್ಕನಿಗೆ ಗರ್ಭಚೀಲ ಇದೆ, ನಿಮಗಿಲ್ಲ. ನಿಮ್ಮ ಜೆಲ್ಲಿನ ಎಸ್ಟ್ರಾಡಿಯಾಲ್ ಅಂದರೆ ಈಸ್ಟ್ರೋಜನ್, ಓವರಿ (ಅಂಡಾಶಯ) ತಯಾರಿಸುವ ಹೆಣ್ಣು ಹಾರ್ಮೋನ್. ಅದೊಂದನ್ನೇ ಕೊಡುತ್ತಾ ಹೋದರೆ ಚೀಲದ ಒಳಪದರ ದಪ್ಪವಾಗುತ್ತದೆ, ಮುಂದೆ ಅಲ್ಲಿ ಕ್ಯಾನ್ಸರ್ ಆಗುವ ಅಪಾಯ ಇರುತ್ತದೆ. ಅದನ್ನು ತಡೆಯೋಕೆ ಪ್ರೊಜೆಸ್ಟರಾನ್. ಚೀಲವೇ ಇಲ್ಲದವರಿಗೆ ಸಾಮಾನ್ಯವಾಗಿ ಅದರ ಕೆಲಸವಿಲ್ಲ. ನನಗೆ ಚಿಂತೆ ನಿಮ್ಮ ಅಕ್ಕನದು. ನಿಮ್ಮ ಚೀಟಿ ನೋಡಿ ಅವರು ಗುಳಿಗೆ ಬಿಟ್ಟಾರು. ಬಿಡಬಾರದು ಅಂತ ಹೇಳಿ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಬಂದಿಲ್ಲ. ಓವರಿ ಉಳಿಸಿದ್ದಾರಾ, ತೆಗೆದಿದ್ದಾರಾ? ಹುಬ್ಬಳ್ಳಿಯ ನನ್ನ ಓಪಿಡಿಗೆ ನವಲಗುಂದ, ಶಿಗ್ಗಾಂವಿ ಕಡೆಯಿಂದ ಬರುವ ಹೆಣ್ಣುಮಕ್ಕಳು "ಚೀಲ ತಗಿಸೀನ್ರೀ" ಅಂತಾರೆ. ಓವರಿ ಏನಾಯ್ತು ಅಂದರೆ "ಯಾರಿಗ್ಗೊತ್ರೀ, ನಮ್ಮ ಮನಿಯವ್ರು ಸಹಿ ಮಾಡ್ಯಾರ" ಅಂತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅವರ ಮೇಲಲ್ಲ. ನೀವು ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿ. ‘ಟಿಎಎಚ್’ ಅಂತ ಇದ್ದರೆ ಹೊಟ್ಟೆ ಕೊಯ್ದು ಗರ್ಭಚೀಲ ತೆಗೆದಿದ್ದಾರೆ. ಪಕ್ಕದಲ್ಲಿ ‘ಬಿಎಸ್‌ಒ’ ಅಂತಲೂ ಇದ್ದರೆ ಎರಡೂ ಓವರಿ, ಎರಡೂ ನಳಿಕೆ ಹೋಗಿವೆ.

ಓವರಿ ಹೋಗಿದ್ದರೆ, ವರ್ಷಗಟ್ಟಲೆ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜನ್ ಒಂದೆರಡು ದಿನದಲ್ಲೇ ಇಳಿದುಬಿಡುತ್ತದೆ. ಝಳ ಅಷ್ಟು ಜೋರಾಗಿರೋದು ಅದಕ್ಕೇ. ನಿಮ್ಮ ವಯಸ್ಸಿಗೆ ಔಷಧಿ ಬೇಕಿರೋದು ಬರೀ ಝಳಕ್ಕಲ್ಲ, ಮೂಳೆಗೆ, ಹೃದಯಕ್ಕೆ ಕೂಡ. ಬೇರೆ ಅಡ್ಡಿ ಇಲ್ಲದಿದ್ದರೆ ಸುಮಾರು 50 ವರ್ಷದವರೆಗೆ ಮುಂದುವರಿಸುತ್ತೇವೆ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕಾಯಿಲೆ ಇದ್ದವರು ಮೊದಲೇ ಹೇಳಬೇಕು. ಓವರಿ ಉಳಿಸಿದ್ದಾರೆ ಅಂತಾದರೆ ಎಫ್‌ಎಸ್‌ಎಚ್ ಅನ್ನುವ, ಓವರಿ ಕೆಲಸ ಮಾಡುತ್ತಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ ಮಾಡಿಸಿ. ಮುಟ್ಟೇ ಬಾರದವರಿಗೆ ಓವರಿ ಕೆಲಸ ನಿಲ್ಲಿಸಿದ್ದು ಬೇರೆ ಹೇಗೆ ತಿಳಿಯಬೇಕು ಹೇಳಿ?

ಎಚ್‌ಆರ್‌ಟಿ ಹಳೆಯ ಹೆಸರು, ಎಂಎಚ್‌ಟಿ ಹೊಸದು, ಚಿಕಿತ್ಸೆ ಒಂದೇ. ಇಆರ್‌ಟಿ ಅಂದರೆ ಈಸ್ಟ್ರೋಜನ್ ಮಾತ್ರ, ಅದು ನಿಮ್ಮದು.

ಇನ್ನು ಅತ್ತೆಯವರ ಭಯ. ಅದು ಸುಮ್ನೆ ಹುಟ್ಟಿದ್ದಲ್ಲ. 2002ರಲ್ಲಿ ಈ ಚಿಕಿತ್ಸೆಯ ಬಗ್ಗೆ ಅಮೆರಿಕದಲ್ಲಿ ನಡೆದಿದ್ದ ದೊಡ್ಡದೊಂದು ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಕೊಟ್ಟಿದ್ದು ಗಬ್ಬಾದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಗುಳಿಗೆ, ಜೊತೆಗೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅನ್ನುವ ಕೃತಕ ಹಾರ್ಮೋನ್. ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದ ಸ್ತನ ಕ್ಯಾನ್ಸರ್ 38 ಆಯಿತು. ಪೇಪರಿನಲ್ಲಿ ಬಂದದ್ದು ‘ಶೇ. 26 ಹೆಚ್ಚಳ’ ಅಂತ. ಎರಡೂ ಲೆಕ್ಕ ಸರಿಯೇ, ಆದರೆ ಯಾವುದು ಹೆದರಿಸುತ್ತದೆ ನೋಡಿ! ಅದೇ ಅಧ್ಯಯನದಲ್ಲಿ, ಚೀಲ ತೆಗೆಸಿಕೊಂಡು ಈಸ್ಟ್ರೋಜನ್ ಮಾತ್ರ ತಗೊಂಡ ಇನ್ನೊಂದು ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿಯಾಗಲಿಲ್ಲ. ಲಕ್ವಾ ಸ್ವಲ್ಪ ಜಾಸ್ತಿಯಾಯಿತು, ಹಾಗಾಗಿ 2004ರಲ್ಲಿ ಅದನ್ನೂ ನಿಲ್ಲಿಸಿದರು. ನಿಮ್ಮದು ಗುಳಿಗೆ ಅಲ್ಲ, ಜೆಲ್. ಗುಳಿಗೆ ಮೊದಲು ಲಿವರ್‌ಗೆ ಹೋಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಜೆಲ್ ಚರ್ಮದಿಂದ ನೇರ ರಕ್ತಕ್ಕೆ ಸೇರುವುದರಿಂದ ಆ ತೊಂದರೆ ಅಷ್ಟಾಗಿ ಕಂಡುಬಂದಿಲ್ಲ.

ಅತ್ತೆಯವರಿಂದ ಟ್ಯೂಬ್ ವಾಪಸ್ ತಗೊಳ್ಳಿ. ಸ್ನಾನ ಆದಮೇಲೆ, ಮೈ ಒಣಗಿದ ಮೇಲೆ, ತೋಳಿಗೋ ತೊಡೆಗೋ ಅಗಲವಾಗಿ ಸವರಿ. ಎದೆಗೆ ಹಚ್ಚಬೇಡಿ. ಆರಿದ ಮೇಲೆ ಕುಪ್ಪಸ ತೊಡಿ, ಕೈ ತೊಳೆಯಿರಿ. ಸಣ್ಣ ಮಕ್ಕಳನ್ನು ಅದೇ ತೋಳಿನ ಮೇಲೆ ಎತ್ತಿಕೊಳ್ಳಬೇಡಿ. ಅವರ ಮೈಗೂ ಹತ್ತುತ್ತದೆ.

ಪ್ರಶ್ನೆ: ವಯಸ್ಸು 58, ಬ್ಯಾಡಗಿ. ಪದೇ ಪದೇ ಉರಿಮೂತ್ರ. ಒಳಗೆ ಹಚ್ಚಲು ಈಸ್ಟ್ರೋಜನ್ ಕ್ರೀಮ್ ಕೊಟ್ಟಿದ್ದಾರೆ. ಡಬ್ಬಿಯೊಳಗಿನ ಚೀಟಿ ಓದಿ ಮಗ ಹೆದರಿದ್ದಾನೆ. ಮೆಣಸಿನಕಾಯಿ ಘಾಟಿನಿಂದ ಉರಿ ಇರಬಹುದಾ?

ಉತ್ತರ: ಘಾಟಿನ ಮೇಲೆ ತಪ್ಪು ಹೊರಿಸಬೇಡಿ ಅಮ್ಮಾ, ಪಾಪ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಯೋನಿಯ, ಮೂತ್ರದ ದಾರಿಯ ಚರ್ಮ ತೆಳುವಾಗಿ ಒಣಗುತ್ತದೆ, ಸೋಂಕು ಬೇಗ ಹತ್ತುತ್ತದೆ. ಕ್ರೀಮಿನಲ್ಲಿರುವ ಪ್ರಮಾಣ ತೀರಾ ಕಡಿಮೆ, ರಕ್ತಕ್ಕೆ ಸೇರೋದು ಅತ್ಯಲ್ಪ. ಡಬ್ಬಿಯೊಳಗಿನ ಎಚ್ಚರಿಕೆ ಹೆಚ್ಚಾಗಿ ನುಂಗುವ ಈಸ್ಟ್ರೋಜನ್‌ಗೆ ಬರೆದದ್ದೇ. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ, ಇದು ಸಾಮಾನ್ಯ ಕ್ರಮ. ಉರಿ ಬಂದಾಗ ಮೂತ್ರ ಪರೀಕ್ಷೆ ಮಾತ್ರ ತಪ್ಪಿಸಬೇಡಿ. ರಕ್ತದ ಒಂದು ಕಲೆ ಕಂಡರೂ ಕ್ರೀಮ್ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿಕೊಳ್ಳಿ.