ಶೆಡ್ಡಿನವರು ಎಲ್ಲಿಗೆ ಹೋಗಬೇಕು?

“ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಖಾಲಿ ಜಾಗದ ತುಂಬ ನೀಲಿ ಟಾರ್ಪಾಲಿನ ಶೆಡ್ಡುಗಳು. ಬೆಳಗಾದರೆ ಹೊಗೆ, ಗಲೀಜು. ಸರ್ಕಾರ ಬಡವರಿಗೆ ಮನೆ ಕಟ್ಟಿಕೊಡುತ್ತದಲ್ಲ, ಇವರು ಅಲ್ಲಿಗೆ ಯಾಕೆ ಹೋಗಬಾರದು?”
– ಓದುಗರೊಬ್ಬರು, ಸರ್ಜಾಪುರ ರಸ್ತೆ, ಬೆಂಗಳೂರು

ಸಂಪಾದಕರ ಉತ್ತರ:

ಹೊಗೆಯ ಕಷ್ಟ ನಿಜ. ವಯಸ್ಸಾದವರಿರುವ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಆದರೆ ನಿಮ್ಮ ಕೊನೆಯ ಪ್ರಶ್ನೆ ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ.

2013ರ ಜನವರಿಯಲ್ಲಿ ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರಿಗೆಂದೇ ಕಟ್ಟಿದ್ದ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗದ) ಕ್ವಾರ್ಟರ್ಸ್ ಒಡೆದಾಗ ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಅನೇಕರಿಗೆ ತೋರಿಸಿದ ಜಾಗ ನಿಮ್ಮ ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ. ಕೋರಮಂಗಲದಲ್ಲಿ ಪಾತ್ರೆ ತೊಳೆಯುವವರು ಅಲ್ಲಿಂದ ಬೆಳಗ್ಗೆ ಆರಕ್ಕೆ ಬಂದು ಮುಟ್ಟುವುದು ಹೇಗೆ ಹೇಳಿ? ಬಡವರಿಗೆ ಮನೆ ಅಂದ ಕೂಡಲೇ ನಾವು ಜಾಗ ಅಗ್ಗವಾಗಿ ಸಿಗುವ ಕಡೆ ಹುಡುಕುತ್ತೇವೆ. ಕೆಲಸ ಎಲ್ಲಿದೆ ಅಂತ ನೋಡುವುದೇ ಇಲ್ಲ. ಅವರಿಗೆ ಬೇಕಿರುವುದು ದೂರದ ಸ್ವಂತ ಮನೆಗಿಂತ ಹತ್ತಿರದ ಬಾಡಿಗೆ ರೂಮು. ಹಳೇ ಬೆಂಗಳೂರಿನ ವಠಾರಗಳು ಅದನ್ನೇ ಕೊಡುತ್ತಿದ್ದವು.

ದೇವದುರ್ಗದಿಂದ ಗುಳೆ ಬಂದ ಹೆಣ್ಣುಮಗಳೊಬ್ಬರು ನನಗೆ ಪರಿಚಯ. ನಾಲ್ಕು ಮನೆ ಕೆಲಸ. ಗಂಡನದು ಗಾರೆ ಕೆಲಸ. ಅವರೇನೂ ಪುಕ್ಕಟೆ ಇಲ್ಲ. ಶೆಡ್ಡಿಗೂ ಜಾಗದ ಮಾಲೀಕರು ತಿಂಗಳು ತಿಂಗಳು ಬಾಡಿಗೆ ವಸೂಲಿ ಮಾಡುತ್ತಾರೆ. ರೂಮು ಹಿಡಿಯೋಣ ಅಂದರೆ ಅಡ್ಡ ಬರುವುದು ಅಡ್ವಾನ್ಸು. 6 ಸಾವಿರದ ರೂಮಿಗೆ ಹತ್ತು ತಿಂಗಳ ಲೆಕ್ಕದಲ್ಲಿ 60 ಸಾವಿರ! ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ಅದು ಬರೀ ಮಾದರಿ, ರಾಜ್ಯಗಳು ಒಪ್ಪಿ ಕಾನೂನು ಮಾಡಿದರೆ ಮಾತ್ರ ಜಾರಿ. ನಮ್ಮಲ್ಲಿ ಎರಡು ತಿಂಗಳಿಗೆ ರೂಮು ಕೊಡುವವರು ಎಷ್ಟು ಜನ ಸಿಕ್ಕಾರು?

ಅವರ ಶೆಡ್ಡಿನೊಳಗೆ ಬಿದಿರಿನ ಗಳಕ್ಕೆ ಒಂದು ಪ್ಲಾಸ್ಟಿಕ್ ಕವರು ಕಟ್ಟಿದ್ದರು. ಆಧಾರು, ವೋಟರ್ ಕಾರ್ಡು ಎಲ್ಲ ಅದರಲ್ಲೇ. ಯಾರು ಬಂದು ಕೇಳಿದರೂ ತಕ್ಷಣ ಕೈಗೆ ಸಿಗಬೇಕಂತೆ. ಆ ಹೆದರಿಕೆಗೆ ಕಾರಣವಿದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಎಂದು ಶೆಡ್ಡುಗಳನ್ನು ಕೆಡವಿದರು. ಅಲ್ಲಿ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಆ ಕೆಲಸ ಕಾನೂನಿಗೆ ವಿರುದ್ಧ ಎಂದಿತು.

ನೀವು ಓದಿಕೊಂಡವರು, ಕಾಗದದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಕೇಳುತ್ತೇನೆ. ಅಪಾರ್ಟ್‌ಮೆಂಟ್ ಕಟ್ಟುವಾಗ ಕಾರು ನಿಲ್ಲಿಸಲು ಇಷ್ಟು ಜಾಗ ಬಿಡಲೇಬೇಕು ಅಂತ ನಿಯಮ ಇದೆ. ಅದೇ ಕಟ್ಟಡ ಗುಡಿಸಿ, ಒರೆಸಿ, ರಾತ್ರಿ ಕಾಯುವವರು ಎಲ್ಲಿ ಮಲಗಬೇಕು ಅಂತ ಯಾವ ಬಿಲ್ಡರ್ ಯೋಚಿಸಿದ್ದಾರೆ? ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ನಡೆದುಕೊಂಡೇ ಊರಿಗೆ ಹೋದದ್ದನ್ನು ನೋಡಿ ದೇಶವೆಲ್ಲ ಮರುಗಿತು. 2020ರ ಜುಲೈನಲ್ಲಿ ಕೇಂದ್ರ ಅವರಿಗೆಂದೇ ಬಾಡಿಗೆ ಮನೆ ಯೋಜನೆಯನ್ನೂ ತಂದಿತು. ನಿಮ್ಮ ರಸ್ತೆಯಲ್ಲಿ ಅಂಥ ಒಂದು ಕಟ್ಟಡವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾಲ್‌ಗಳು ಮಾತ್ರ ಕಾಣುತ್ತವೆ.

ಶೆಡ್ಡು ತೆಗೆಸುವ ಅರ್ಜಿಗೆ ನಿಮ್ಮ ಅಸೋಸಿಯೇಷನ್‌ನವರು ಸಹಿ ಕೇಳಿದರೆ ದಯವಿಟ್ಟು ಹಾಕಬೇಡಿ. ಬಾಡಿಗೆ ಎಣಿಸಿಕೊಳ್ಳುವ ಆ ಮಾಲೀಕರಿಗೆ ಕಾಗದ ಬರೆಯಿರಿ. ಶೌಚಾಲಯ ಕಟ್ಟಿಸಿ, ನಲ್ಲಿ ಹಾಕಿಸಿ, ಕಸದ ಗಾಡಿ ಬರುವಂತೆ ಮಾಡಿ ಅನ್ನಿ. ಒಲೆಯ ಹೊಗೆ ನಿಲ್ಲಬೇಕಾದರೆ ಅವರಿಗೆ ಗ್ಯಾಸ್ ಕನೆಕ್ಷನ್ ಮಾಡಿಸಿಕೊಡಿ. ಆ ಕಾಗದದ ಪ್ರತಿ ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.