ದಯೆಯ ಖಾತೆ, ಸಕ್ಕರೆಯ ಖಾತೆ

ಓದುಗರ ಪತ್ರದ ಸಾರ: ವೆಸ್ಟ್ ಇಂಡೀಸ್ ದ್ವೀಪವಾದ ಟ್ರಿನಿಡಾಡ್‌ನ ಇತಿಹಾಸಕಾರ ಎರಿಕ್ ವಿಲಿಯಮ್ಸ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಬೇಸರ ತಂದಿತು. ಬ್ರಿಟನ್ನಿನಲ್ಲಿ ಗುಲಾಮಗಿರಿಯ ವಿರುದ್ಧ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹೋರಾಡಿದ ವಿಲ್ಬರ್‌ಫೋರ್ಸ್‌ರಂಥ ಸಜ್ಜನರ ಅಂತಃಸಾಕ್ಷಿಯನ್ನು ಅವರು ಸಕ್ಕರೆಯ ಲಾಭನಷ್ಟಕ್ಕೆ ಇಳಿಸಿಬಿಟ್ಟರು. ರಾಜಕಾರಣಿಯೊಬ್ಬರು ಬರೆದ ಇತಿಹಾಸವನ್ನು ಎಷ್ಟು ನಂಬಬೇಕು? ಶಾನುಭೋಗರ ಮೊಮ್ಮಗನಾದ ನನಗೆ ಲೆಕ್ಕದ ಬೆಲೆ ಗೊತ್ತು. ಆದರೆ ಮನುಷ್ಯನ ಒಳ್ಳೆಯತನವನ್ನು ಯಾವ ಖಾತೆಯಲ್ಲಿಯೂ ಬರೆಯಲಾಗದು. (ನಿವೃತ್ತ ಅಧ್ಯಾಪಕರೊಬ್ಬರು, ಶಿವಮೊಗ್ಗ)

ಮಾನ್ಯರೇ,

ತಮ್ಮ ಪತ್ರದ ಕೊನೆಯ ವಾಕ್ಯವನ್ನು ಮೂರು ಬಾರಿ ಓದಿದೆ. ಅಷ್ಟು ಅಚ್ಚುಕಟ್ಟಾದ ವಾಕ್ಯ ನಮ್ಮ ಟಪಾಲಿನಲ್ಲಿ ಅಪರೂಪ. ಆದರೆ ಶಾನುಭೋಗರ ಮೊಮ್ಮಗ ಬರೆಯಬಾರದಿದ್ದ ವಾಕ್ಯವೂ ಅದೇ.

ತಮ್ಮ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದಾಗ ಆ ವ್ಯಾಪಾರ ಇನ್ನೂ ಲಾಭದಲ್ಲಿಯೇ ಇತ್ತೆಂದು ಇತಿಹಾಸಕಾರ ಸೆಮೂರ್ ಡ್ರೆಶರ್ 1977ರಲ್ಲಿ ಅಂಕಿಅಂಶಗಳನ್ನು ಮುಂದಿಟ್ಟು ವಾದಿಸಿದರು. ಅದರಿಂದ, ಲಾಭ ಕುಂದಿದ್ದರಿಂದಲೇ ಗುಲಾಮಗಿರಿ ಹೋಯಿತೆಂದು ವಿಲಿಯಮ್ಸ್ ಕಟ್ಟಿದ ಮನೆಯ ಒಂದು ಕಂಬ ಅಲುಗಾಡಿದ್ದು ನಿಜ. 1958ರ ಚುನಾವಣೆಯ ಸೋಲಿನ ಸಿಟ್ಟಿನಲ್ಲಿ ವಿಲಿಯಮ್ಸ್ ತಮ್ಮ ದ್ವೀಪದ ಭಾರತೀಯ ಮೂಲದವರನ್ನು ಕುರಿತು ಆಡಿದ ಕಟುಮಾತನ್ನೂ ನಾನು ಸಮರ್ಥಿಸಲಾರೆ. ಇಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಅಂಚೆ ಕಚೇರಿಯ ಗುಮಾಸ್ತರೊಬ್ಬರ ಹನ್ನೆರಡು ಮಕ್ಕಳಲ್ಲಿ ಹಿರಿಯವರಾಗಿ 1911ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿದ ವಿಲಿಯಮ್ಸ್, ವಿದ್ಯಾರ್ಥಿವೇತನ ಗೆದ್ದು ಆಕ್ಸ್‌ಫರ್ಡ್ ಸೇರಿದರು. ಬ್ರಿಟನ್ನಿನ ಗುಲಾಮರ ವಿಮೋಚನೆಯ ಕಾಯಿದೆಗೆ ನೂರು ತುಂಬಿದ 1933ರಲ್ಲಿ ಅವರು ಅಲ್ಲಿಯೇ ಓದುತ್ತಿದ್ದರು. ವಿಮೋಚನೆಯೆಂಬುದು ಇಂಗ್ಲೆಂಡಿನ ನೈತಿಕ ವಿಜಯವೆಂಬ ಕಥೆಯನ್ನು ಅಲ್ಲಿ ಪಾಠವಾಗಿ ಕೇಳಿದ ಆ ಯುವಕನ ಅಜ್ಜ ಅಜ್ಜಿಯರು ಯಾರ ಸಂತತಿಯವರೆಂದು ಯೋಚಿಸಿ ನೋಡಿ. 1938ರಲ್ಲಿ ಅವರು ಒಪ್ಪಿಸಿದ ಪ್ರಬಂಧ ಆ ಕಥೆಯ ಆರ್ಥಿಕ ಬೇರುಗಳನ್ನು ಅಗೆಯಿತು. ಅದನ್ನು ಪುಸ್ತಕ ಮಾಡಲು ಹೊರಟಾಗ ಲಂಡನ್ನಿನ ಪ್ರಕಾಶಕರೊಬ್ಬರು, ಕ್ರಾಂತಿಕಾರಿ ಬರಹಗಳಿಗೆ ಹೆಸರಾದವರೇ, ಗುಲಾಮಗಿರಿ ಹೋದದ್ದು ದಯೆಯಿಂದಲ್ಲ ಎನ್ನುವ ಪುಸ್ತಕ ಬ್ರಿಟಿಷ್ ಪರಂಪರೆಗೆ ವಿರುದ್ಧವೆಂದು ಹೇಳಿ ಕೈತೊಳೆದುಕೊಂಡರು. ಕೊನೆಗೆ 1944ರಲ್ಲಿ, ಅವರು ಅಮೆರಿಕದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 'ಕ್ಯಾಪಿಟಲಿಸಂ ಅಂಡ್ ಸ್ಲೇವರಿ' ಅಲ್ಲಿಯೇ ಅಚ್ಚಾಯಿತು. ಬ್ರಿಟನ್ನಿನಲ್ಲಿ ಅದು ಮುದ್ರಣಗೊಂಡದ್ದು 1964ರಲ್ಲಿ, ಬರೆದವರು ಸ್ವತಂತ್ರ ದೇಶದ ಪ್ರಧಾನಿಯಾದ ಮೇಲೆ. ರಾಜಕಾರಣಿ ಇತಿಹಾಸ ಬರೆದರೆಂದು ತಾವು ಆಕ್ಷೇಪಿಸುತ್ತೀರಿ. ಇತಿಹಾಸ ಬರೆದು ಹನ್ನೆರಡು ವರ್ಷಗಳಾದ ಮೇಲೆ ಅವರು ಪಕ್ಷ ಕಟ್ಟಿದರು ಎಂಬ ಕಾಲಕ್ರಮವನ್ನು ಅಧ್ಯಾಪಕರಾದ ತಾವೇ ಮರೆಯಬಾರದಿತ್ತು.

ಇನ್ನು ವಿಲ್ಬರ್‌ಫೋರ್ಸ್. ಗುಲಾಮಗಿರಿಯ ವಿರೋಧಿಗಳನ್ನು ವಿಲಿಯಮ್ಸ್ ಅಲ್ಲಗಳೆದರೆಂಬುದು ಪುಸ್ತಕ ಓದದವರ ಬಾಯಿಂದ ಬಾಯಿಗೆ ಬಂದ ಮಾತು. ಗುಲಾಮಗಿರಿಯ ಮೇಲಿನ ದಾಳಿಯ ಮೊನೆಯಲ್ಲಿದ್ದವರು ಅವರೇ ಎಂದು ವಿಲಿಯಮ್ಸ್ ಬರೆದಿದ್ದಾರೆ, ಥಾಮಸ್ ಕ್ಲಾರ್ಕ್‌ಸನ್‌ರನ್ನು ಮನಸಾರೆ ಹೊಗಳಿದ್ದಾರೆ. ಮೊನೆಯ ಹಿಂದೆ ಈಟಿಯ ಕಾವು ಯಾರ ಕೈಯಲ್ಲಿತ್ತೆಂದು ಕೇಳಿದ್ದಷ್ಟೇ ಅವರ ಅಪರಾಧ. ಲಿವರ್‌ಪೂಲಿನ ಜೇಮ್ಸ್ ಕ್ರಾಪರ್ ಎಂಬ ವರ್ತಕ ವೆಸ್ಟ್ ಇಂಡೀಸ್‌ನ ಗುಲಾಮಗಿರಿಯನ್ನು ಖಂಡಿಸಿ ಕರಪತ್ರ ಬರೆಯುತ್ತಿದ್ದರು. ಅವರೇ ಭಾರತದಿಂದ ಸಕ್ಕರೆ ತರಿಸುವ ದೊಡ್ಡ ವ್ಯಾಪಾರಿಯೂ ಆಗಿದ್ದರು. ಭಾರತದ ಸಕ್ಕರೆಗೆ ಗುಲಾಮರ ಬೆವರು ಅಂಟಿಲ್ಲವೆಂದು ಆಗ ಪ್ರಚಾರವಾಗುತ್ತಿತ್ತು. 1801ರಲ್ಲಿ ಕರಾವಳಿಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಗದ್ದೆಗಳಲ್ಲಿ ದುಡಿಯುತ್ತಿದ್ದ, ಕೊಂಡು ಮಾರಬಹುದಾಗಿದ್ದ ಆಳುಗಳನ್ನು ಕಂಡು ಬರೆದಿಟ್ಟದ್ದು ಅದಕ್ಕೂ ಮೊದಲೇ ಅಚ್ಚಾಗಿತ್ತು. ಆದರೂ 1833ರ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತು. ನಮ್ಮ ಕಡೆಯ ಮೂಲದಾಳುಗಳನ್ನು, ಅಂದರೆ ವಂಶಪಾರಂಪರ್ಯದ ಜೀತದಾಳುಗಳನ್ನು, ಆಸ್ತಿಯೆಂದು ನ್ಯಾಯಾಲಯಗಳು ಎಣಿಸಬಾರದೆಂಬ ಕಾನೂನು ಬರಲು 1843ರವರೆಗೆ ಕಾಯಬೇಕಾಯಿತು. ಇಷ್ಟೊಂದು ದಯೆ ಸಮುದ್ರ ದಾಟುವಾಗ ಎಲ್ಲಿ ಒದ್ದೆಯಾಯಿತು ಎಂದು ಕೇಳಬೇಡವೇ?

1833ರ ಕಾಯಿದೆಯಿಂದ ಸುಮಾರು ಎಂಟು ಲಕ್ಷ ಜನ ಬಿಡುಗಡೆ ಹೊಂದಿದರು, ಅದೂ ಒಮ್ಮೆಲೇ ಅಲ್ಲ. 'ಅಪ್ರೆಂಟಿಸ್' ಎಂಬ ಹೊಸ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯರ ಹೊಲಗಳಲ್ಲಿ ದುಡಿದ ಮೇಲೆ. ಪರಿಹಾರವಾಗಿ ಎರಡು ಕೋಟಿ ಪೌಂಡ್ ಹಂಚಲಾಯಿತು. ಅದು ಆ ಸರ್ಕಾರದ ಒಂದು ವರ್ಷದ ವೆಚ್ಚದ ಸುಮಾರು ಶೇಕಡ 40ರಷ್ಟು ಹಣ. ಅದಕ್ಕಾಗಿ ಎತ್ತಿದ ಸಾಲದ ಬಾಕಿ ತೀರಿದ್ದು 2015ರಲ್ಲಿ! ಈ ಹಣದಲ್ಲಿ ದುಡಿದವರಿಗೆ ಒಂದು ಕಾಸೂ ಹೋಗಲಿಲ್ಲ, ಎಲ್ಲವೂ ಒಡೆಯರಿಗೆ. ಯಾರಿಗೆ ಎಷ್ಟು ಎಂಬುದು ನಮಗೆ ಇಂದು ಗೊತ್ತಿರುವುದು ಆ ಪರಿಹಾರದ ಲೆಕ್ಕಪತ್ರಗಳು ಸರ್ಕಾರಿ ದಫ್ತರದಲ್ಲಿ ಉಳಿದುಕೊಂಡದ್ದರಿಂದ, ಲಂಡನ್ನಿನ ಸಂಶೋಧಕರು ಅವುಗಳನ್ನು ಸಾಲುಸಾಲಾಗಿ ಓದಿದ್ದರಿಂದ. ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್‌ರ ತಂದೆ ಜಾನ್ ಗ್ಲಾಡ್‌ಸ್ಟನ್ ಎರಡೂವರೆ ಸಾವಿರಕ್ಕೂ ಹೆಚ್ಚು ಗುಲಾಮರ ಬಾಬ್ತು ಒಂದು ಲಕ್ಷ ಪೌಂಡಿಗೂ ಮೀರಿ ಪಡೆದರು. ಅದೇ ಮಹನೀಯರು 1836ರಲ್ಲಿ ಕಲ್ಕತ್ತೆಯ ಕಂಪನಿಯೊಂದಕ್ಕೆ ಆಳುಗಳು ಬೇಕೆಂದು ಪತ್ರ ಬರೆದರು. 1838ರ ಮೇ ತಿಂಗಳಿನಲ್ಲಿ ಭಾರತದ ಕೂಲಿಗಳನ್ನು ಹೊತ್ತ ಎರಡು ಹಡಗುಗಳು ಬ್ರಿಟಿಷ್ ಗಯಾನಾ ಮುಟ್ಟಿದವು. 1845ರಲ್ಲಿ ಟ್ರಿನಿಡಾಡ್‌ಗೂ ಹಡಗು ಬಂತು. ಇದು ಯಾವ ಭಾಷಣದಲ್ಲಿಯೂ ಇಲ್ಲ, ಮಾನ್ಯರೇ, ಖಾತೆಯಲ್ಲಿದೆ.

ಬಿಡುಗಡೆಯ ಪುಣ್ಯದಲ್ಲಿ ಪಾಲು ಕೇಳಬೇಕಾದ ಮೂರನೆಯವರೊಬ್ಬರು ಇದ್ದಾರೆ. ವಿಲಿಯಮ್ಸ್ ತಮ್ಮ ಪುಸ್ತಕದ ಕೊನೆಯ ಭಾಗವನ್ನು ಮೀಸಲಿಟ್ಟದ್ದು ಗುಲಾಮರಿಗೇ. 1816ರಲ್ಲಿ ಬಾರ್ಬಡೋಸ್, 1823ರಲ್ಲಿ ಗಯಾನಾದ ಡೆಮೆರಾರಾ, 1831ರ ಕ್ರಿಸ್‌ಮಸ್‌ನಲ್ಲಿ ಜಮೈಕಾ ದಂಗೆ ಎದ್ದವು. ಜಮೈಕಾದ ದಂಗೆಯ ನಾಯಕ ಸ್ಯಾಮ್ ಶಾರ್ಪ್‌ರನ್ನು ಗಲ್ಲಿಗೇರಿಸಿದ ಮರುವರ್ಷವೇ ಕಾಯಿದೆ ಬಂದದ್ದನ್ನು ಕಾಕತಾಳೀಯವೆಂದು ನಂಬಲು ನನಗೆ ಸಾಧ್ಯವಾಗಿಲ್ಲ. ತಮ್ಮ ಪತ್ರದಲ್ಲಿ ವಿಲ್ಬರ್‌ಫೋರ್ಸ್ ಹೆಸರು ಐದು ಸಲ ಬಂದಿದೆ, ಶಾರ್ಪ್ ಹೆಸರು ಒಮ್ಮೆಯೂ ಇಲ್ಲ. ಇದು ತಮ್ಮೊಬ್ಬರ ತಪ್ಪಲ್ಲ. ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿ, ಕಿತ್ತುಕೊಂಡವನ ಹೆಸರನ್ನು ಪೊಲೀಸ್ ಕಡತಕ್ಕೆ ಬಿಡುವುದನ್ನು ನಮಗೆಲ್ಲ ಶಾಲೆಯಲ್ಲಿಯೇ ಕಲಿಸಲಾಗಿದೆ.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಪೇಟೆಯ ಗುಜರಿ ಅಂಗಡಿಯಲ್ಲಿ, ಅಡಿಕೆ ವ್ಯಾಪಾರದ ದೊಡ್ಡ ಮನೆತನವೊಂದರ ಖಿರ್ದಿ ಪುಸ್ತಕಗಳನ್ನು ತಕ್ಕಡಿಗೆ ಹಾಕುತ್ತಿದ್ದುದನ್ನು ಕಂಡೆ. ಒಂದನ್ನು ಬಿಡಿಸಿದರೆ ಒಬ್ಬ ಆಳಿನ ಮುಂಗಡದ ಲೆಕ್ಕವಿತ್ತು. 'ಹಿಂದಿನಿಂದ ತಂದ ಬಾಕಿ' ಎಂಬ ಒಕ್ಕಣೆ ಪುಟದಿಂದ ಪುಟಕ್ಕೆ ಸಾಗಿ, ಒಂದು ಕಡೆ ಅಪ್ಪನ ಹೆಸರು ಹೊಡೆದುಹಾಕಿ ಮಗನ ಹೆಸರಿಗೆ ಇಳಿದಿತ್ತು. ಅದೇ ಮನೆತನದ ಹಿರಿಯರಿಗೆ ಅರ್ಪಿತವಾದ ಅಭಿನಂದನ ಗ್ರಂಥ ನನ್ನ ಕಪಾಟಿನಲ್ಲಿದೆ. ಅವರು ಆಳುಗಳನ್ನು ಮನೆಯ ಮಕ್ಕಳಂತೆ ಕಂಡರೆಂದು ಅದರಲ್ಲಿ ನಾಲ್ವರು ಬರೆದಿದ್ದಾರೆ. ಗ್ರಂಥಕ್ಕೆ ರಟ್ಟಿನ ಹೊದಿಕೆಯಿದೆ, ಒಳ್ಳೆಯ ಕಾಗದವಿದೆ, ಗ್ರಂಥಾಲಯಗಳಲ್ಲಿ ಜಾಗವಿದೆ. ಖಿರ್ದಿ ಕಿಲೋ ಲೆಕ್ಕದಲ್ಲಿ ಹೋಯಿತು. ನಾನು ಕೊಂಡು ಉಳಿಸಿದ್ದು ಎರಡೇ ಸಂಪುಟ, ಅವುಗಳಲ್ಲಿ ಒಂದಕ್ಕೆ ಗೆದ್ದಲು ಹಿಡಿದಿದೆ. ಇಂಥವುಗಳನ್ನು ಕೂಡಿಟ್ಟು ಓದುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳಿಗೆ ಸಂಶೋಧನೆಯಾಗಿ ಕಾಣುವುದಿಲ್ಲ. ದಾನಿಗಳ ಜೀವನಚರಿತ್ರೆಗಾದರೆ ಅನುದಾನವೂ ಸಿಗುತ್ತದೆ, ಬಿಡುಗಡೆಗೆ ಸಚಿವರೂ ಸಿಗುತ್ತಾರೆ.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ವಿಲಿಯಮ್ಸ್ ವಿಷಯದಲ್ಲಿ ತಾವು ಅಭಿಪ್ರಾಯ ಬದಲಿಸದಿದ್ದರೂ ಅಡ್ಡಿಯಿಲ್ಲ. ತಮ್ಮ ಅಜ್ಜ ಶಾನುಭೋಗರಾಗಿದ್ದವರೆಂದು ಬರೆದಿದ್ದೀರಿ. ಅವರ ಕೈಬರಹದ ಲೆಕ್ಕದ ಕಡತಗಳು ಮನೆಯ ಅಟ್ಟದ ಮೇಲೆ ಇನ್ನೂ ಇವೆಯೇ? ಇದ್ದರೆ ಮಳೆಗಾಲ ಹಿಡಿಯುವ ಮೊದಲು ಒಂದು ಕಾರ್ಡು ಬರೆಯಿರಿ. ನಾನೇ ಬರುತ್ತೇನೆ.